ಮಗುವಿಗೆ ಶೀತ ಹಿಡಿದಿದೆಯಾ? ಮೊದಲು ದಿನ ಎಣಿಸಿ, ಆಮೇಲೆ ಉಸಿರು ಎಣಿಸಿ

ನಮ್ಮ ಕರಾವಳಿಯಲ್ಲಿ ಮಳೆಯೂ ಶಾಲೆಯೂ ಒಟ್ಟಿಗೇ ಶುರುವಾಗುತ್ತವೆ. ಹೊಸ ಕೊಡೆ, ಹೊಸ ಚಪ್ಪಲಿ, ಹೊಸ ಪುಸ್ತಕಕ್ಕೆ ಬೈಂಡು. ಎರಡು ವಾರ ಕಳೆಯುವುದರೊಳಗೆ ಮಗು ಸಂಜೆ ವ್ಯಾನಿನಿಂದ ಮೂಗು ಒರೆಸಿಕೊಳ್ಳುತ್ತಲೇ ಇಳಿಯುತ್ತದೆ. ರಾತ್ರಿಗೆ ಗಂಟಲು ಕೆರೆತ. ಬೆಳಿಗ್ಗೆ ಮೈ ಬಿಸಿ.

ನಾನು ಮಂಗಳೂರಿನಲ್ಲಿರುವ ಇಬ್ಬರು ಮಕ್ಕಳ ತಾಯಿ. ವೈದ್ಯೆ ಅಲ್ಲ. ದೊಡ್ಡವಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಶೀತ ಇಲ್ಲದ ವಾರವೇ ಇರಲಿಲ್ಲ. ಒಮ್ಮೆ ಅವಳನ್ನು ಕರೆದುಕೊಂಡು ಹೋದಾಗ ಮಕ್ಕಳ ಡಾಕ್ಟರ್ ಕೇಳಿದರು: "ಎಷ್ಟನೇ ದಿನ ಇದು? ನಿನ್ನೆ ಎಷ್ಟು ಸಲ ಮೂತ್ರ ಮಾಡಿದ್ದಾಳೆ? ಜ್ವರ ಇಳಿದಾಗ ಆಡ್ತಾಳಾ?" ಒಂದಕ್ಕೂ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಯಾವ ಯಾವ ಸಿರಪ್ ಕೊಟ್ಟೆ ಅಂತ ಮಾತ್ರ ಗೊತ್ತಿತ್ತು. ಅವತ್ತಿನಿಂದ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಶೀತದ ಮಗುವಿಗೆ ನಾವು ಕೊಡಬಹುದಾದ ಔಷಧಿ ತುಂಬಾ ಕಡಿಮೆ. ನೋಡಬೇಕಾದದ್ದು, ಎಣಿಸಬೇಕಾದದ್ದು ಮಾತ್ರ ಜಾಸ್ತಿ. ಅದನ್ನೇ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಐದು ವರ್ಷ ದಾಟಿದ, ಶಾಲೆಗೆ ಹೋಗುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕೈಕೂಸುಗಳ ಲೆಕ್ಕ ಬೇರೆ. ಅವರಿಗೆ ಜ್ವರ ಬಂದರೆ ಮನೆಯಲ್ಲಿ ಕಾಯಬೇಡಿ.

ಮೊದಲು ಇದು ಏನೆಂದು ತಿಳಿದುಕೊಳ್ಳೋಣ

ಮೂಗು, ಗಂಟಲು, ಟಾನ್ಸಿಲ್, ಕಿವಿಯ ಒಳಭಾಗ, ಮೂಗಿನ ಪಕ್ಕದ ಸೈನಸ್ ಗೂಡುಗಳು. ಸೋಂಕು ಇಷ್ಟರಲ್ಲೇ ನಿಂತರೆ ಅದು ಮೇಲಿನ ಉಸಿರಾಟದ ದಾರಿಯ ಸೋಂಕು. ಎದೆಗೆ ಇಳಿದರೆ ಅದು ಬೇರೆಯೇ ಕಥೆ. ಮಕ್ಕಳ ಶೀತಕ್ಕೆ ಹೆಚ್ಚಾಗಿ ವೈರಸ್‌ಗಳೇ ಕಾರಣ. ಶೀತ ತರುವ ವೈರಸ್‌ಗಳೇ 200ಕ್ಕೂ ಹೆಚ್ಚು ಬಗೆಯವು ಇವೆ. ಅದಕ್ಕೇ ಒಂದು ಶೀತ ಹೋಗಿ ಮೂರೇ ವಾರದಲ್ಲಿ ಇನ್ನೊಂದು ಬರುತ್ತದೆ. ಮೊದಲ ವೈರಸ್ಸಿನ ವಿರುದ್ಧ ದೇಹ ಕಲಿತ ಪಾಠ ಎರಡನೆಯದಕ್ಕೆ ಸಾಲುವುದಿಲ್ಲ. ಸಣ್ಣ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ಶೀತ ಬರುವುದು ಮಾಮೂಲು. "ನನ್ನ ಮಗುವಿಗೆ ಶಕ್ತಿಯೇ ಇಲ್ಲ, ಯಾವಾಗಲೂ ಶೀತ" ಎಂದು ಕೊರಗುವ ತಾಯಂದಿರಿಗೆ ಈ ಸಂಖ್ಯೆ ಗೊತ್ತಿರಬೇಕು. ನಡುವೆ ಮಗು ಪೂರ್ತಿ ಚೇತರಿಸಿಕೊಳ್ಳುತ್ತಾ, ತೂಕ ಹೆಚ್ಚುತ್ತಾ, ಆಡಿಕೊಂಡಿದ್ದರೆ ಶಕ್ತಿ ಸರಿಯಾಗಿಯೇ ಇದೆ.

ಮಳೆಯಲ್ಲಿ ನೆನೆದದ್ದರಿಂದ ಶೀತ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಬರೀ ನೆನೆದರೆ ವೈರಸ್ ಹುಟ್ಟುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಲ್ಲಿ ತರಗತಿಯ ಕಿಟಕಿ ಮುಚ್ಚಿರುತ್ತದೆ. ವ್ಯಾನಿನ ಎರಡೂ ಬದಿಗೆ ಟಾರ್ಪಾಲ್ ಇಳಿಬಿಟ್ಟಿರುತ್ತಾರೆ. ಒಳಗೆ ಮಕ್ಕಳು ಹತ್ತಿರ ಹತ್ತಿರ ಕೂತಿರುತ್ತಾರೆ. ಒಬ್ಬರು ಸೀನಿದರೆ ಸಾಕು, ಆ ಗಾಳಿ ಎಲ್ಲರ ಪಾಲಿಗೆ. ಒದ್ದೆ ಬಟ್ಟೆ ಬದಲಿಸಿ, ತಲೆ ಒರೆಸಿ, ಮಗುವಿಗೆ ಹಿತವಾಗುತ್ತದೆ. ಆದರೆ ಮಳೆಯಲ್ಲಿ ಆಡಿದ್ದಕ್ಕೆ ಮಗುವಿಗೆ ಬೈಯಬೇಡಿ.

ಹೆಜ್ಜೆ ಒಂದು: ಮೊದಲ ದಿನವೇ ಬರೆದಿಡಿ

ಮೂಗು ಸುರಿಯಲು ಶುರುವಾದ ದಿನವನ್ನು ಒಂದನೇ ದಿನ ಎಂದು ಬರೆಯಿರಿ. ಮೊಬೈಲಿನಲ್ಲೂ ಬರೆಯಬಹುದು. ಆದರೆ ಅಜ್ಜಿಯೂ ಅಪ್ಪನೂ ನೋಡುವಂತೆ ಫ್ರಿಜ್ಜಿನ ಬಾಗಿಲಿಗೆ ಹಚ್ಚಿದ ಕಾಗದ ಒಳ್ಳೆಯದು. ಮಗುವಿನ ತೂಕ ಎಷ್ಟು, ಜ್ವರ ಎಷ್ಟು ಡಿಗ್ರಿ, ಯಾವ ಗಂಟೆಗೆ ಯಾವ ಔಷಧಿ ಎಷ್ಟು ಎಂಎಲ್, ಕುಡಿದದ್ದು, ಮೂತ್ರ ಮಾಡಿದ್ದು. ಇಷ್ಟು ಸಾಕು.

ದಿನ ಎಣಿಸುವುದು ಯಾಕೆ ಮುಖ್ಯ ಅಂದರೆ, ಶೀತಕ್ಕೆ ಒಂದು ನಡೆ ಇದೆ. ಎರಡನೆಯ, ಮೂರನೆಯ ದಿನ ಜೋರಾಗುತ್ತದೆ. ಜ್ವರ ಬಂದರೆ ಸಾಮಾನ್ಯವಾಗಿ ಮೊದಲ ಎರಡು ಮೂರು ದಿನಗಳಲ್ಲೇ ಬಂದು ಇಳಿಯುತ್ತದೆ. ಐದನೆಯ ದಿನದ ಹೊತ್ತಿಗೆ ಮಗು ಸ್ವಲ್ಪ ಹಗುರಾಗಿರುತ್ತದೆ. ಏಳರಿಂದ ಹತ್ತು ದಿನಕ್ಕೆ ಮೂಗು ಒಣಗುತ್ತದೆ. ಕೆಮ್ಮು ಮಾತ್ರ ಹಠಮಾರಿ, ಎರಡು ಮೂರು ವಾರ ಎಳೆಯಬಹುದು. ಈ ನಡೆ ಗೊತ್ತಿದ್ದರೆ ಮೂರನೆಯ ದಿನದ ಜೋರು ಕಂಡು ಹೆದರುವುದಿಲ್ಲ. ಹಾಗೆಯೇ ಆರನೆಯ ದಿನ ಮತ್ತೆ ಜ್ವರ ಏರಿದರೆ ಅದು ಸರಿಯಾದ ನಡೆಯಲ್ಲ ಎಂದು ತಕ್ಷಣ ತಿಳಿಯುತ್ತದೆ.

ಮೂಗಿನ ಬಣ್ಣದ ಬಗ್ಗೆ ಒಂದು ಮಾತು. ಮೊದಲು ನೀರಿನ ಹಾಗೆ ಸುರಿಯುವ ಸಿಂಬಳ ಮೂರು ನಾಲ್ಕು ದಿನಕ್ಕೆ ಗಟ್ಟಿಯಾಗಿ ಹಳದಿಯೋ ಹಸಿರೋ ಆಗುತ್ತದೆ. ಸೋಂಕಿನ ವಿರುದ್ಧ ಹೋರಾಡಿದ ನಮ್ಮದೇ ಬಿಳಿ ರಕ್ತಕಣಗಳಿಂದ ಆ ಬಣ್ಣ ಬರುತ್ತದೆ. ಹಸಿರಾಯಿತು ಎಂಬ ಒಂದೇ ಕಾರಣಕ್ಕೆ ಆಂಟಿಬಯೋಟಿಕ್ ಬೇಕಾಗುವುದಿಲ್ಲ.

ಒಂದೇ ಹೊಳ್ಳೆಯಿಂದ ಮಾತ್ರ ನಾರುವ ಸಿಂಬಳ ಬರುತ್ತಿದೆಯಾ? ಆಗ ಶೀತ ಅಂದುಕೊಳ್ಳಬೇಡಿ. ಮಣಿ, ಹುಣಿಸೆ ಬೀಜ, ರಬ್ಬರ್ ಚೂರು ಏನಾದರೂ ಮೂಗಿಗೆ ತುರುಕಿಕೊಂಡಿರಬಹುದು. ನೀವೇ ತೆಗೆಯಲು ಹೋಗದೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ. ಆಟಿಕೆಯ ಬಟನ್ ಬ್ಯಾಟರಿ ಎಂಬ ಸಂಶಯ ಬಂದರೆ ಆ ಗಂಟೆಯೇ ಹೊರಡಿ. ಅದು ಕೆಲವೇ ಗಂಟೆಗಳಲ್ಲಿ ಮೂಗಿನ ಒಳಗೆ ಸುಡುತ್ತದೆ.

ಹೆಜ್ಜೆ ಎರಡು: ಇದು ಶೀತದ ಜ್ವರವಾ, ಬೇರೆ ಜ್ವರವಾ?

ನಮ್ಮೂರಿನವರಿಗೆ ಇದು ಬಹಳ ಮುಖ್ಯ. ಬೇರೆ ಊರಿನಲ್ಲಿ ಜ್ವರ ಬಂದರೆ ಎರಡು ದಿನ ನೋಡೋಣ ಎನ್ನಬಹುದೇನೋ. ಮಂಗಳೂರಿನಲ್ಲಿ ಮಲೇರಿಯಾ ಹೊಸದಲ್ಲ. ಮಳೆಗಾಲದಲ್ಲಿ ಡೆಂಗಿ ಇದೆ. ಗದ್ದೆ, ತೋಡು, ಕೆಸರು ನೀರು ಇರುವ ಕಡೆ ಇಲಿ ಜ್ವರವೂ ಇದೆ, ಉಡುಪಿ ಕಡೆಯವರಿಗೂ ಇದು ಗೊತ್ತಿರುವ ಸಂಗತಿ.

ಹಾಗಾಗಿ ಜ್ವರದ ಜೊತೆ ಮೂಗು ಸುರಿಯುತ್ತಿದೆಯಾ, ಸೀನು ಇದೆಯಾ, ಕೆಮ್ಮು ಇದೆಯಾ ಎಂದು ನೋಡಿ. ಇವೆಲ್ಲ ಇದ್ದು, ಮನೆಯಲ್ಲೋ ಕ್ಲಾಸಿನಲ್ಲೋ ಇನ್ನೊಬ್ಬರಿಗೂ ಶೀತ ಇದ್ದರೆ, ಹೆಚ್ಚಾಗಿ ಅದು ಶೀತದ ಜ್ವರ. ಮೂಗು ಒಣಗಿದೆ, ಕೆಮ್ಮಿಲ್ಲ, ಬರೀ ಜ್ವರ ಎಂದಾದರೆ 24 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ ಮಲೇರಿಯಾದ ರಕ್ತ ಪರೀಕ್ಷೆ ಮಾಡಿಸಿ. ಚಳಿ ಹಿಡಿದು ನಡುಗಿದರೆ, ಕಣ್ಣಿನ ಹಿಂದೆ ನೋವು ಎಂದರೆ, ಮೈಮೇಲೆ ಕೆಂಪು ಚುಕ್ಕೆ ಬಂದರೆ, ಹೊಟ್ಟೆ ನೋವು ವಾಂತಿ ಹಿಡಿದರೆ, ಮೀನಖಂಡ ಮುಟ್ಟಲು ಬಿಡದಷ್ಟು ನೋವಿದ್ದರೆ ಕೂಡ ಕಾಯಬೇಡಿ. ಶೀತ ಇದ್ದರೂ ಜ್ವರ ಮೂರು ದಿನ ದಾಟಿತು ಎಂದರೆ ತೋರಿಸಲೇಬೇಕು. ಮಲೇರಿಯಾ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇದ್ದೇ ಇವೆ.

"ಶೀತವೇ ಇರಬೇಕು, ಎಲ್ಲ ಮಕ್ಕಳಿಗೂ ಉಂಟಲ್ಲ" ಎಂದು ನಾಲ್ಕು ದಿನ ಕಳೆದು ಆಮೇಲೆ ಮಲೇರಿಯಾ ಎಂದು ಗೊತ್ತಾದದ್ದು ನಮ್ಮ ಪಕ್ಕದ ಮನೆಯಲ್ಲೇ ಆಗಿದೆ. ಹುಡುಗ ಚೇತರಿಸಿಕೊಂಡ. ಆದರೆ ಆ ನಾಲ್ಕು ದಿನ ಸುಮ್ನೆ ಹೋದವು.

ಹೆಜ್ಜೆ ಮೂರು: ಜ್ವರಕ್ಕೆ ಪ್ಯಾರಸಿಟಮಾಲ್, ತೂಕ ನೋಡಿ

ಕೈಯಿಂದ ಹಣೆ ಮುಟ್ಟಿ ಜ್ವರ ಹೇಳಬೇಡಿ. ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ. ಬಾಯಿಯಲ್ಲಿ ಇಟ್ಟಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ. ಕಂಕುಳಲ್ಲಿ ಇಟ್ಟರೆ ಸುಮಾರು ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ.

ಜ್ವರ ತಾನೇ ಶತ್ರು ಅಲ್ಲ. 101 ಇದ್ದರೂ ಮಗು ಕೂತು ಚಿತ್ರ ಬಿಡಿಸುತ್ತಿದ್ದರೆ ಔಷಧಿಯ ಅವಸರ ಇಲ್ಲ. ಮೈಕೈ ನೋವು, ಕಿರಿಕಿರಿ, ನೀರೂ ಬೇಡ ಎನ್ನುವಷ್ಟು ಸುಸ್ತು ಇದ್ದಾಗ ಕೊಡಿ. ಮಗುವಿಗೆ ಹಿತವಾಗಲಿ ಎಂದು ಔಷಧಿ ಕೊಡುವುದು. ಥರ್ಮಾಮೀಟರಿನ ಅಂಕೆ ಇಳಿಸುವುದಕ್ಕೆ ಅಲ್ಲ.

ಪ್ರಮಾಣ ಹೀಗೆ. ಮಗುವಿನ ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. 20 ಕಿಲೋ ಮಗುವಿಗೆ 200ರಿಂದ 300 ಮಿಲಿಗ್ರಾಂ. ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ.

ಇಲ್ಲೇ ನಾನು ಒಮ್ಮೆ ತಪ್ಪಿದ್ದು. ಪ್ಯಾರಸಿಟಮಾಲ್ ಸಿರಪ್ ಒಂದೇ ಬಗೆಯದಲ್ಲ. ಕೆಲವು ಬಾಟಲಿಯಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ, ಕೆಲವದರಲ್ಲಿ 5 ಎಂಎಲ್‌ಗೆ 250 ಮಿಲಿಗ್ರಾಂ. ಸಣ್ಣವನಿಗೆ 18 ಕಿಲೋ ತೂಕ ಇದ್ದಾಗ ನಾನು 125ರ ಬಾಟಲಿಯಿಂದ 7.5 ಎಂಎಲ್ ಕೊಡುತ್ತಿದ್ದೆ. ಅದು ಮುಗಿದ ರಾತ್ರಿ ಹೊಸ ಬಾಟಲಿ ತಂದೆವು. ಬಣ್ಣ, ರುಚಿ, ಪೆಟ್ಟಿಗೆ ಎಲ್ಲ ಒಂದೇ ಥರ. ಅದೇ 7.5 ಎಂಎಲ್ ಕೊಟ್ಟೆ. ಕೊಟ್ಟ ಮೇಲೆ ಲೇಬಲ್ ನೋಡಿದರೆ 250. ಕೊಡಬೇಕಾದದ್ದಕ್ಕಿಂತ ಎರಡು ಪಟ್ಟು ಹೋಗಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಒಂದೇ ಸಲ ಆದದ್ದರಿಂದ ತೊಂದರೆ ಆಗಲಿಕ್ಕಿಲ್ಲ, ಬೆಳಿಗ್ಗೆವರೆಗೆ ಮತ್ತೆ ಕೊಡಬೇಡಿ ಎಂದರು. ಮಗುವಿಗೆ ಏನೂ ಆಗಲಿಲ್ಲ, ಆದರೆ ಆ ರಾತ್ರಿ ನಾನು ಮಲಗಲಿಲ್ಲ. ಇದೇ ತಪ್ಪು ದಿನಕ್ಕೆ ನಾಲ್ಕು ಸಲ, ಮೂರು ದಿನ ಆದರೆ ಲಿವರಿಗೆ ಪೆಟ್ಟು. ಈಗ ಬಾಟಲಿ ಮನೆಗೆ ಬಂದ ಕೂಡಲೇ ಮಾರ್ಕರ್ ಪೆನ್ನಿನಿಂದ ಮುಚ್ಚಳದ ಮೇಲೆ 125 ಅಥವಾ 250 ಎಂದು ದಪ್ಪಗೆ ಬರೆಯುತ್ತೇನೆ. ಅಳೆಯಲು ಅಡುಗೆಮನೆಯ ಚಮಚ ಬೇಡ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವನ್ನೋ ಸೂಜಿ ಇಲ್ಲದ ಸಿರಿಂಜನ್ನೋ ಬಳಸಿ. ಕೆಲವು ಶೀತದ ಸಿರಪ್ಪಿನೊಳಗೂ ಪ್ಯಾರಸಿಟಮಾಲ್ ಇರುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಮಳೆಗಾಲದಲ್ಲಿ ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಮೆಫನಾಮಿಕ್ ಆಸಿಡ್ ಇರುವ ಜ್ವರದ ಸಿರಪ್‌ಗಳನ್ನು ನೀವಾಗಿಯೇ ಕೊಡಬೇಡಿ. ಡೆಂಗಿ ಆಗಿದ್ದರೆ ರಕ್ತಸ್ರಾವಕ್ಕೆ ದಾರಿಯಾಗಬಹುದು. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ಹೆಜ್ಜೆ ನಾಲ್ಕು: ಮೂಗು ತೆರೆಯಿರಿ, ನೀರು ಕುಡಿಸಿ, ಮಲಗಲು ಬಿಡಿ

ಕಟ್ಟಿದ ಮೂಗಿಗೆ ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಹನಿ, ಅಂದರೆ ಉಪ್ಪುನೀರಿನ ಹನಿ ಸಾಕು. ಎರಡೂ ಹೊಳ್ಳೆಗೆ ಎರಡೆರಡು ಹನಿ, ಐದು ನಿಮಿಷ ಬಿಟ್ಟು ಮೂಗು ಸೀಟಿಸಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಹಾಕಿದರೆ ಮಗು ಉಣ್ಣುತ್ತದೆ, ಮಲಗುತ್ತದೆ. ಮೂಗು ಸೀಟುವುದನ್ನು ಮಕ್ಕಳಿಗೆ ಕಲಿಸಬೇಕು. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಮೆಲ್ಲಗೆ. ಎರಡೂ ಒತ್ತಿ ಹಿಡಿದು ಜೋರಾಗಿ ಸೀಟಿದರೆ ಕಿವಿಗೆ ಒತ್ತಡ ಹೋಗುತ್ತದೆ.

ಕುಡಿಯುವುದಕ್ಕೆ ನಮ್ಮ ಅಡುಗೆಮನೆಯಲ್ಲಿ ಎಲ್ಲ ಉಂಟು. ಕುಚ್ಚಲಕ್ಕಿ ಗಂಜಿಯ ತಿಳಿ, ಚಿಟಿಕೆ ಉಪ್ಪು ಹಾಕಿ. ಬೆಚ್ಚಗಿನ ಕಾಳುಮೆಣಸಿನ ಸಾರು, ಖಾರ ಕಡಿಮೆ. ಜೀರಿಗೆ ಕಷಾಯ. ಎಳನೀರು. ಎಳನೀರು ತಂಪು, ಶೀತಕ್ಕೆ ಬೇಡ ಎನ್ನುವವರಿದ್ದಾರೆ. ಮಗು ಬೇರೇನೂ ಕುಡಿಯದೆ ಅದನ್ನು ಇಷ್ಟಪಟ್ಟು ಕುಡಿದರೆ ನಾನು ಕೊಡುತ್ತೇನೆ. ಹಾಲು ಕುಡಿದರೆ ಕಫ ಜಾಸ್ತಿಯಾಗುವುದಿಲ್ಲ, ಬಾಳೆಹಣ್ಣಿನಿಂದ ಶೀತ ಬರುವುದಿಲ್ಲ. ಎರಡು ದಿನ ಊಟ ಕಡಿಮೆಯಾದರೆ ಚಿಂತೆ ಬೇಡ. ನೀರು ಕಡಿಮೆಯಾಗಬಾರದು. ಆರೆಂಟು ಗಂಟೆಗೆ ಒಮ್ಮೆಯಾದರೂ ಮೂತ್ರ ಆಗಬೇಕು, ಅದರ ಬಣ್ಣ ತೆಳುವಾಗಿರಬೇಕು.

ರಾತ್ರಿ ಕೆಮ್ಮಿಗೆ ಮಲಗುವ ಮುಂಚೆ ಅರ್ಧದಿಂದ ಒಂದು ಚಿಕ್ಕ ಚಮಚ ಜೇನುತುಪ್ಪ. ಒಂದು ವರ್ಷ ದಾಟಿದ ಮಕ್ಕಳಿಗೆ ಮಾತ್ರ. ಮನೆಯಲ್ಲಿ ಅದಕ್ಕಿಂತ ಸಣ್ಣ ಕೂಸು ಇದ್ದರೆ ಅಕ್ಕನಿಗೆ ಕೊಡುವಾಗ ಅದಕ್ಕೂ ಒಂದು ತೊಟ್ಟು ನೆಕ್ಕಿಸಬೇಡಿ, ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಗಂಟಲು ನೋವಿಗೆ ಉಗುರುಬೆಚ್ಚಗಿನ ಉಪ್ಪುನೀರಿನ ಬಾಯಿ ಮುಕ್ಕಳಿಕೆ. ಸಾಂಬ್ರಾಣಿ ಸೊಪ್ಪಿನ, ಅದೇ ದೊಡ್ಡಪತ್ರೆಯ ತಂಬುಳಿ ನಮ್ಮ ಮನೆಯಲ್ಲಿ ಮಾಡುತ್ತೇವೆ. ಅದು ಔಷಧಿ ಎಂದು ಹೇಳುವುದಿಲ್ಲ. ಬಾಯಿ ಕೆಟ್ಟ ಮಗು ಅದರಲ್ಲಿ ನಾಲ್ಕು ತುತ್ತು ಅನ್ನ ಉಣ್ಣುತ್ತದೆ, ಅಷ್ಟೇ ಬೇಕು ನಮಗೆ.

ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಅಗರಬತ್ತಿ, ಧೂಪ ಬೇಡ. ಬೀಡಿ ಸಿಗರೇಟು ಮನೆಯೊಳಗೇ ಬೇಡ. ಸೊಳ್ಳೆಗೆ ಪರದೆ ಕಟ್ಟಿ. ಕೆಮ್ಮುವ ಮಗುವಿಗೆ ಹೊಗೆ ತಪ್ಪುತ್ತದೆ, ಮಲೇರಿಯಾಕ್ಕೂ ಅದೇ ಕಾವಲು.

ಹೆಜ್ಜೆ ಐದು: ಪ್ರೀತಿಯಿಂದ ಮಾಡುವ ಕೆಲವು ತಪ್ಪುಗಳನ್ನು ಬಿಡಿ

ಕರ್ಪೂರ ಹಾಕಿ ಬಿಸಿ ಮಾಡಿದ ತೆಂಗಿನೆಣ್ಣೆ. ಇದು ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಉಂಟು. ನಮ್ಮ ಅತ್ತೆ ಮೊಮ್ಮಕ್ಕಳ ಎದೆಗೆ ತಿಕ್ಕಲು ಬಟ್ಟಲು ಹಿಡಿದು ಬಂದಾಗ ಬೇಡ ಎನ್ನುವುದು ನನಗೂ ಕಷ್ಟವಾಗಿತ್ತು. "ನಿಮ್ಮ ಗಂಡನಿಗೂ ಇದನ್ನೇ ಹಚ್ಚಿ ಬೆಳೆಸಿದ್ದು" ಎಂದರು. ನಾನು ಹೇಳಿದೆ, "ಅತ್ತೆ, ಎಣ್ಣೆ ಹಚ್ಚಿ, ಕರ್ಪೂರ ಮಾತ್ರ ಬೇಡ." ಕರ್ಪೂರ ಮಗುವಿನ ಹೊಟ್ಟೆಗೆ ಹೋದರೆ ಸ್ವಲ್ಪವಾದರೂ ಅಪಸ್ಮಾರದ ಹಾಗೆ ಸೆಳೆತ ಬರಬಹುದು. ಕೈಗೆ ಸಿಕ್ಕಿದ ಕರ್ಪೂರವನ್ನು ಕಲ್ಲುಸಕ್ಕರೆ ಎಂದು ಬಾಯಿಗೆ ಹಾಕುವ ಮಕ್ಕಳಿದ್ದಾರೆ, ದೇವರ ಕೋಣೆಯ ಡಬ್ಬಿ ಎತ್ತರದಲ್ಲಿಡಿ. ಬರೀ ತೆಂಗಿನೆಣ್ಣೆ ಉಗುರುಬೆಚ್ಚಗೆ ಮಾಡಿ ಬೆನ್ನಿಗೆ ತಿಕ್ಕುವ ಅಜ್ಜಿಯ ಕೈ ಮಗುವಿಗೆ ಹಿತವೇ. ಅದೇ ಎಣ್ಣೆಯನ್ನು ಮೂಗಿಗೂ ಕಿವಿಗೂ ಬಿಡಬಾರದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ಒಳಗೆ ಹೋಗುತ್ತದೆ.

ಕುದಿಯುವ ನೀರಿನ ಪಾತ್ರೆಗೆ ಮುಖವಿಟ್ಟು ತಲೆಗೆ ಬೈರಾಸು ಮುಚ್ಚಿ ಹಬೆ ಕೊಡುವುದು. ಇದರಿಂದ ಶೀತ ಬೇಗ ಹೋಗುವುದಿಲ್ಲ. ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡ ಮಕ್ಕಳು ಎಲ್ಲ ಊರುಗಳಲ್ಲೂ ಇದ್ದಾರೆ. ಬೇಕಾದರೆ ಮಗುವಿಗೆ ಬಿಸಿನೀರಿನ ಸ್ನಾನ ಮಾಡಿಸಿ. ಬಚ್ಚಲುಮನೆಯ ಆವಿಯೇ ಸಾಕು.

ಕೆಮ್ಮಿನ ಸಿರಪ್. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡ ಸುದ್ದಿ ನಾವೆಲ್ಲ ಓದಿದ್ದೇವೆ. ಅದರಲ್ಲಿ ಇದ್ದದ್ದು ಡೈಎಥಿಲೀನ್ ಗ್ಲೈಕಾಲ್, ಔಷಧಿಯಲ್ಲಿ ಇರಲೇಬಾರದ ವಸ್ತು. ಅದೇ ತಿಂಗಳು ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಹೇಳಿತು. ವಿಷದ ಮಾತು ಬಿಡಿ, ಸರಿಯಾದ ಸಿರಪ್ ಕೂಡ ಮಕ್ಕಳ ಶೀತದ ಕೆಮ್ಮಿಗೆ ಅಷ್ಟೇನೂ ಕೆಲಸ ಮಾಡುವುದಿಲ್ಲ. ಮಗುವಿಗೆ ಮಂಪರು ಬರುತ್ತದೆ, ಕೆಮ್ಮು ಕಡಿಮೆಯಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಡಾಕ್ಟರ್ ನೋಡಿ ಬರೆದರೆ ಮಾತು ಬೇರೆ. ಕಳೆದ ವರ್ಷದ ಅರ್ಧ ಬಾಟಲಿ, ಅಕ್ಕನ ಮಗನಿಗೆ ಬರೆದುಕೊಟ್ಟದ್ದು, ಅಂಗಡಿಯವರು ಕೊಟ್ಟದ್ದು, ಇವು ಯಾವುದೂ ಬೇಡ.

ಆಂಟಿಬಯೋಟಿಕ್ ಕೂಡ ಹಾಗೆಯೇ. ಅದು ಬ್ಯಾಕ್ಟೀರಿಯಾಕ್ಕೆ. ವೈರಸ್ಸಿಗೆ ಏನೂ ಮಾಡುವುದಿಲ್ಲ. ಎರಡನೆಯ ದಿನವೇ ಕೇಳಿ ಬರೆಸಿಕೊಂಡು ಐದನೆಯ ದಿನ ಶೀತ ಇಳಿದರೆ ಔಷಧಿಯಿಂದ ಇಳಿಯಿತು ಎಂದು ನಂಬುತ್ತೇವೆ, ಅಲ್ವಾ? ಅದು ಹೇಗಿದ್ದರೂ ಇಳಿಯುತ್ತಿತ್ತು. ನಡುವೆ ಮಗುವಿಗೆ ಭೇದಿ ಬಂದದ್ದು ಮಾತ್ರ ಆ ಔಷಧಿಯಿಂದ.

ಹೆಜ್ಜೆ ಆರು: ಆಂಟಿಬಯೋಟಿಕ್ ನಿಜವಾಗಿಯೂ ಬೇಕಾಗುವ ಹೊತ್ತು

ಬೇಕಾಗುವ ಹೊತ್ತೂ ಇದೆ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ಬರುತ್ತದೆ. ಇದರ ಗುರುತು ಶೀತಕ್ಕೆ ತಿರುಗುಮುರುಗು. ಕೆಮ್ಮು ಇಲ್ಲ, ಮೂಗು ಸುರಿಯುವುದಿಲ್ಲ. ಆದರೆ ಇದ್ದಕ್ಕಿದ್ದಂತೆ ಜೋರು ಜ್ವರ, ನುಂಗಲಾಗದ ಗಂಟಲು ನೋವು, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ, ಕತ್ತಿನ ಮುಂದೆ ಮುಟ್ಟಿದರೆ ನೋಯುವ ಗಂಟು. ಟಾರ್ಚ್ ಹಿಡಿದು ಗಂಟಲು ನೋಡುವುದನ್ನು ಕಲಿಯಿರಿ, ಮಗು ಆರೋಗ್ಯವಾಗಿದ್ದಾಗಲೇ ಒಮ್ಮೆ ನೋಡಿದ್ದರೆ ವ್ಯತ್ಯಾಸ ತಿಳಿಯುತ್ತದೆ. ಡಾಕ್ಟರ್ ಇದು ಸ್ಟ್ರೆಪ್ ಎಂದು ಹೇಳಿ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಟ್ಟರೆ ಸಾಮಾನ್ಯವಾಗಿ ಹತ್ತು ದಿನ. ಮೂರನೆಯ ದಿನ ಮಗು ಕುಣಿದಾಡಿದರೂ ಹತ್ತೂ ದಿನ ಮುಗಿಸಬೇಕು. ಅರ್ಧಕ್ಕೆ ಬಿಟ್ಟ ಸ್ಟ್ರೆಪ್ ಎರಡು ಮೂರು ವಾರದ ಮೇಲೆ ರುಮ್ಯಾಟಿಕ್ ಜ್ವರವಾಗಿ ಕೀಲಿಗೆ, ಹೃದಯದ ಕವಾಟಕ್ಕೆ ಬರಬಹುದು. ನಮ್ಮ ದೇಶದಲ್ಲಿ ಅದು ಇನ್ನೂ ಹೋಗಿಲ್ಲ.

ಗಂಟಲಿನಲ್ಲಿ ಬೂದು ಬಣ್ಣದ ಪೊರೆ ಕಂಡು ಕತ್ತು ಊದಿದ್ದರೆ ಡಿಫ್ತೀರಿಯಾ ಇರಬಹುದು, ಸೀದಾ ಆಸ್ಪತ್ರೆಗೆ. ಅದನ್ನು ತಡೆಯುವ ಲಸಿಕೆಗಳು, ಐದಾರು ವರ್ಷಕ್ಕೆ ಡಿಪಿಟಿ ಬೂಸ್ಟರ್, ಹತ್ತಕ್ಕೆ ಮತ್ತು ಹದಿನಾರಕ್ಕೆ ಟಿಡಿ ಲಸಿಕೆ ಸರ್ಕಾರದ ಪಟ್ಟಿಯಲ್ಲೇ ಇವೆ. ಹಾಕಿಸಿದ್ದೀರಾ ಎಂದು ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ.

ಕಿವಿ ನೋವಿಗೆ ಮೊದಲು ಪ್ಯಾರಸಿಟಮಾಲ್ ಕೊಟ್ಟು ಅದೇ ದಿನ ಅಥವಾ ಮರುದಿನ ತೋರಿಸಿ. ಶೀತ ಹತ್ತು ದಿನ ಕಳೆದರೂ ಒಂದಿಷ್ಟೂ ಇಳಿಯದಿದ್ದರೆ, ಇಳಿದು ಮತ್ತೆ ಜ್ವರದೊಂದಿಗೆ ಏರಿದರೆ ಸೈನಸ್ ಸೋಂಕಿನ ಸಂಶಯ ಪಡಬೇಕು.

ಹೆಜ್ಜೆ ಏಳು: ಉಸಿರು ಎಣಿಸಿ

ಈ ಲೇಖನದಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಮಗು ಮಲಗಿದಾಗ ಅಥವಾ ಸುಮ್ಮನೆ ಕೂತಾಗ ಅಂಗಿ ಮೇಲೆತ್ತಿ. ಹೊಟ್ಟೆ ಮತ್ತು ಎದೆ ಕಾಣುವಷ್ಟು ಬೆಳಕು ಇರಲಿ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಎಂದು ಎಣಿಸಿ. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಜ್ವರ ಇದ್ದಾಗ, ಅಳುವಾಗ ಉಸಿರು ಏರುತ್ತದೆ. ಹಾಗಾಗಿ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಐದು ವರ್ಷ ದಾಟಿದ ಮಗು ಸುಮ್ಮನಿದ್ದಾಗ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ತೆಗೆದರೆ, ಸೋಂಕು ಎದೆಗೆ ಇಳಿದಿರಬಹುದು. ಅದೇ ದಿನ ಡಾಕ್ಟರ್. ಒಂದರಿಂದ ಐದು ವರ್ಷದ ತಮ್ಮ ತಂಗಿ ಇದ್ದರೆ ಅವರಿಗೆ ಈ ಗಡಿ 40.

ಎಣಿಸುವಾಗಲೇ ನೋಡಿ. ಉಸಿರು ಎಳೆದಾಗ ಪಕ್ಕೆಲುಬುಗಳ ನಡುವೆ, ಎದೆಯ ಕೆಳಗೆ ಚರ್ಮ ಒಳಗೆ ಸೆಳೆದುಕೊಳ್ಳುತ್ತಿದೆಯಾ? ಮೂಗಿನ ಹೊಳ್ಳೆ ಅಗಲವಾಗುತ್ತಿದೆಯಾ? ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲುತ್ತಿಲ್ಲವಾ? ಉಸಿರು ಎಳೆಯುವಾಗ ಗೊರ್ ಗೊರ್ ಗರಗಸದ ಶಬ್ದ, ಬಿಡುವಾಗ ಸುಂಯ್ ಎಂಬ ಸಿಳ್ಳೆ? ತುಟಿ, ನಾಲಿಗೆ ನೀಲಿಯಾ? ಎಂಜಲನ್ನೂ ನುಂಗಲಾಗದೆ ಜೊಲ್ಲು ಸುರಿಸುತ್ತಾ ಮುಂದಕ್ಕೆ ಬಾಗಿ ಕೂತಿದೆಯಾ? ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲವಾ, ಕತ್ತು ಬಗ್ಗಿಸಲಾಗುತ್ತಿಲ್ಲವಾ, ಸೆಳೆತ ಬಂತಾ? ಎಂಟು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರವೇ ಇಲ್ಲವಾ? ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಮಳೆಗೆ ರಿಕ್ಷಾ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಪಕ್ಕದ ಮನೆಯವರನ್ನು ಎಬ್ಬಿಸಲು ಸಂಕೋಚ ಬೇಡ.

ಅಸ್ತಮಾ, ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಕ್ಕಳಿಗೆ ಇಷ್ಟು ದೂರ ಕಾಯಬಾರದು. ಅವರ ಡಾಕ್ಟರ್ ಹೇಳಿದ ಯೋಜನೆ ಮೊದಲ ದಿನದಿಂದಲೇ.

ಹೆಜ್ಜೆ ಎಂಟು: ಶಾಲೆಗೆ ಯಾವಾಗ?

ಜ್ವರದ ಔಷಧಿ ಕೊಡದೆ 24 ಗಂಟೆ ಜ್ವರ ಇಲ್ಲದಿದ್ದರೆ, ಮಗು ಸಾಮಾನ್ಯವಾಗಿ ಉಂಡು ಆಡುತ್ತಿದ್ದರೆ ಕಳುಹಿಸಬಹುದು. ಮೂಗು ಸ್ವಲ್ಪ ಸುರಿಯುತ್ತಿದೆ, ಕೆಮ್ಮು ಇದೆ ಎಂಬುದಕ್ಕೆ ಎರಡು ವಾರ ಮನೆಯಲ್ಲಿ ಇರಿಸಬೇಕಾಗಿಲ್ಲ. ಸ್ಟ್ರೆಪ್ ಆದರೆ ಆಂಟಿಬಯೋಟಿಕ್ ಶುರುವಾಗಿ ಒಂದು ದಿನ ಕಳೆಯಲಿ. ಬೆಳಿಗ್ಗೆ ಪ್ಯಾರಸಿಟಮಾಲ್ ಕೊಟ್ಟು ಜ್ವರ ಮುಚ್ಚಿ ವ್ಯಾನ್ ಹತ್ತಿಸುವುದು ಮಾತ್ರ ಬೇಡ. ಪರೀಕ್ಷೆ ಇದೆ, ರಜೆ ಇಲ್ಲ, ಇಬ್ಬರಿಗೂ ಕೆಲಸ ಇದೆ, ನನಗೆ ಆ ಕಷ್ಟ ಗೊತ್ತು. ಆದರೆ ಹನ್ನೊಂದು ಗಂಟೆಗೆ ಜ್ವರ ಮತ್ತೆ ಏರುತ್ತದೆ, ಮಗು ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತದೆ, ಪಕ್ಕದ ನಾಲ್ಕು ಮಕ್ಕಳಿಗೂ ಹರಡುತ್ತದೆ. ಕ್ಲಾಸ್ ಟೀಚರಿಗೆ ಹಿಂದಿನ ರಾತ್ರಿಯೇ ಒಂದು ಮೆಸೇಜ್ ಹಾಕಿದರೆ ಹೆಚ್ಚಿನವರು ಅರ್ಥಮಾಡಿಕೊಳ್ಳುತ್ತಾರೆ.

ಚೀಲದಲ್ಲಿ ಎರಡು ಕರವಸ್ತ್ರ, ಒಂದು ಜೊತೆ ಒಣ ಕಾಲುಚೀಲ, ಅವನದೇ ನೀರಿನ ಬಾಟಲಿ. ಸೀನುವಾಗ ಮೊಣಕೈ ಮಡಚಿ ಅಡ್ಡ ಹಿಡಿಯಲು ಕಲಿಸಿ. ಬುತ್ತಿ ಬಿಚ್ಚುವ ಮುಂಚೆ ಸಾಬೂನಿನಿಂದ 20 ಸೆಕೆಂಡ್ ಕೈ ತೊಳೆಯಲಿ. ವ್ಯಾನಿನವರ ಹತ್ತಿರ ಹೇಳಿ, ಮಳೆ ನಿಂತಾಗ ಟಾರ್ಪಾಲ್ ಸ್ವಲ್ಪ ಎತ್ತಿಡಲು. ನಾವು ಕೇಳಿದಾಗ ನಮ್ಮ ವ್ಯಾನಿನ ಅಣ್ಣ ಖುಷಿಯಿಂದಲೇ ಒಪ್ಪಿದರು.

ಇನ್ನು ಉಳಿದ ಕೆಮ್ಮು. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಬಿಡಿ. ಎರಡು ವಾರ ಕಳೆದೂ ಕಡಿಮೆಯಾಗುತ್ತಿಲ್ಲ, ತೂಕ ಇಳಿದಿದೆ, ಸಂಜೆ ಸಂಜೆ ಸಣ್ಣ ಜ್ವರ ಇದೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಇದೆ ಎಂದಾದರೆ ಪರೀಕ್ಷೆ ಮಾಡಿಸಬೇಕು. ರಾತ್ರಿ, ನಸುಕಿನಲ್ಲಿ, ಓಡಿದಾಗ ಮಾತ್ರ ಬರುವ ಕೆಮ್ಮು ಅಸ್ತಮಾದ್ದು ಇರಬಹುದು. ಜ್ವರವೇ ಇಲ್ಲದೆ ದಿನಾ ಬೆಳಿಗ್ಗೆ ಸಾಲು ಸಾಲು ಸೀನು, ಮೂಗು ತುರಿಕೆ ಇದ್ದರೆ ಅಲರ್ಜಿ. ನಮ್ಮ ಮಳೆಗಾಲದಲ್ಲಿ ಗೋಡೆ, ಕಪಾಟು, ಹಾಸಿಗೆಯ ಅಡಿಗೆ ಬೂಸರು ಹಿಡಿಯುತ್ತದಲ್ಲ, ಅಲ್ಲಿಂದ ಹುಡುಕಲು ಶುರುಮಾಡಿ. ಬಾಯಿ ತೆರೆದೇ ಮಲಗಿ ಗೊರಕೆ ಹೊಡೆಯುವ ಮಗುವಿಗೆ ಅಡಿನಾಯ್ಡ್, ಅಂದರೆ ಮೂಗಿನ ಹಿಂದೆ ಇರುವ ಟಾನ್ಸಿಲ್‌ನಂಥ ಗಂಟು, ದೊಡ್ಡದಾಗಿದೆಯಾ ಎಂದು ತೋರಿಸಿ.

ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಹಾಕಿಸುವಂಥದ್ದು. ಎಲ್ಲ ಶೀತವನ್ನೂ ಅದು ತಡೆಯುವುದಿಲ್ಲ, ಇನ್‌ಫ್ಲುಯೆನ್ಸಾ ಒಂದಕ್ಕೆ ಮಾತ್ರ. ಅಸ್ತಮಾ ಇರುವ ಮಕ್ಕಳಿಗೆ, ಮನೆಯಲ್ಲಿ ವಯಸ್ಸಾದವರೋ ಕೂಸೋ ಇದ್ದರೆ ಡಾಕ್ಟರ್ ಹತ್ತಿರ ಖಂಡಿತ ಕೇಳಿ. ನಮ್ಮಲ್ಲಿ ಫ್ಲೂ ಮಳೆಯೊಂದಿಗೇ ಬರುತ್ತದೆ, ಲಸಿಕೆಯ ಬಲ ಬರಲು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್, ಮೇ ರಜೆಯಲ್ಲೇ ಹಾಕಿಸಿ, ಯೂನಿಫಾರ್ಮ್ ಹೊಲಿಸಲು ಕೊಡುವ ಹೊತ್ತಿಗೆ.